ಹದಿನೇಳರ ಮಗ್ಗಿ

ಮುಹರ್ರಕ್‌ನ ಮೂರನೇ ಮಹಡಿಯಲ್ಲಿ
ರಾತ್ರಿ ಎರಡೂ ಕಾಲು.
ಏಸಿಯ ನೀರು ಬಾಲ್ದಿಗೆ ತೊಟ್ಟಿಕ್ಕುವ ಸದ್ದು
ನನ್ನ ಎದೆಗಿಂತ ನಿಧಾನ.

ಹಗಲೆಲ್ಲ ಔಷಧದಂಗಡಿಯಲ್ಲಿ ನಿಂತು
ಊರ ಮಂದಿಗೆ ಹೇಳುವವಳು ನಾನು:
ಇದು ಊಟಕ್ಕೆ ಮುಂಚೆ, ಇದು ಊಟವಾದ ಮೇಲೆ,
ಇದು ನುಂಗಿ ಕಾರು ಓಡಿಸಬೇಡಿ.
ಎರಡು ವರ್ಷ ನನ್ನ ಹೆಸರಿಗೂ ಒಂದು ಚೀಟಿಯಿತ್ತು.
ಬೇಳೆಯಷ್ಟು, ಬಿಳಿ, ನಡುವೆ ಗೀರು.
ನಾಲಗೆಯ ಮೇಲಿಟ್ಟರೆ
ಯಾರೋ ದೀಪ ಆರಿಸಿ, ಬಾಗಿಲೆಳೆದು
ಹೊರಟುಹೋದಂತೆ.

ಡಾಕ್ಟರ್ ಬುಥೈನಾ ಕ್ಯಾಲೆಂಡರ್ ತೆಗೆದಿದ್ದರು.
ಒಮ್ಮೆಲೇ ಬಿಡುವ ಧೈರ್ಯ ಬೇಡ,
ಮೆಟ್ಟಿಲಿಳಿದಂತೆ ಇಳಿ ಅಂದಿದ್ದರು.
ಮುಕ್ಕಾಲು. ಅರ್ಧ. ಕಾಲು. ಕಾಲರಲ್ಲಿ ಕಾಲು.
ಏಳು ತಿಂಗಳು ಇಳಿದೆ.
ಕೊನೆಯ ಮೆಟ್ಟಿಲ ಕೆಳಗೆ ನೆಲ ಇರಬೇಕಿತ್ತಲ್ಲ,
ಕಾಲಿಟ್ಟರೆ ಇರಲಿಲ್ಲ.

ಇದೂ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ,
ತಡೆಯದಿದ್ದರೆ ಬಾ, ಅಂದಿದ್ದರು ಡಾಕ್ಟರು.
ಹೋಗುವುದು ಸರಿ. ಈಗ ಬಂದಿದೆಯಲ್ಲ.
ಅಂಗೈ ಬೆವರು. ದವಡೆ ಕಚ್ಚಿದ ಹಾಗೇ ಇದೆ.
ಏನೋ ಆಗಿಹೋಗಿದೆ,
ನನಗೊಬ್ಬಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅನ್ನುವ ಹಾಗೆ.

ಆಗ ಶುರುಮಾಡುತ್ತೇನೆ:
ಹದಿನೇಳೊಂದ್ಲಿ ಹದಿನೇಳು.
ಹದಿನೇಳೆರಡ್ಲಿ ಮೂವತ್ತನಾಲ್ಕು.
ಕುಮಟೆಯ ಶಾಲೆಯಲ್ಲಿ ಗುಲಾಬಿ ಟೀಚರು
ತಪ್ಪಿದಲ್ಲಿಂದಲ್ಲ, ಮೊದಲಿನಿಂದ ಹೇಳಿಸುತ್ತಿದ್ದರು.
ಹೆದರಿಕೆಗೆ ಮಗ್ಗಿ ಬಾರದು.
ಹದಿನೇಳ್ಮೂರ್ಲಿಗೇ ತಡವರಿಸುತ್ತದೆ.
ನಾನು ಉಸಿರು ಬಿಡುತ್ತೇನೆ, ಎಳೆದದ್ದಕ್ಕಿಂತ ಉದ್ದ,
ಬಿಸಿ ಗಂಜಿ ಊದುವಷ್ಟು ಮೆಲ್ಲಗೆ.

ಮುಖಕ್ಕೆ ತಣ್ಣೀರು ಎರಚಿಕೋ ಅನ್ನುತ್ತಾರೆ.
ಆಗಸ್ಟಿನಲ್ಲಿ ಇಲ್ಲಿನ ನಲ್ಲಿಯಲ್ಲಿ
ತಣ್ಣೀರೂ ಬಿಸಿನೀರೇ.
ಫ್ರೀಜರಿನಿಂದ ಒಂದು ತುಂಡು ಐಸು ತೆಗೆದು
ಮುಷ್ಟಿಯಲ್ಲಿಟ್ಟು ಅಡುಗೆಮನೆಯಲ್ಲಿ ನಿಲ್ಲುತ್ತೇನೆ.
ಮೊಣಕೈಯಿಂದ ನೀರು ಇಳಿಯುವ ಹೊತ್ತಿಗೆ
ನಾನಿರುವ ಜಾಗ ನನಗೆ ಗೊತ್ತಾಗುತ್ತದೆ:
ಇದು ಸ್ಟೌ. ಇದು ಬೆಂಕಿಪೊಟ್ಟಣ. ಇದು ಜೆಸಿಂತಾಳ
ತೊಳೆಯದ ಬಾಣಲೆ.

ಸಂಜೆಯ ಕರಕ್ ಚಹಾ ಬಿಟ್ಟೆ.
ಮಾತ್ರೆಗಿಂತ ಅದೇ ಹೆಚ್ಚು ಕಾಡಿತು, ಇರಲಿ.

ಒಳಕಪಾಟಿನ ಬೀಗದ ಕೈ
ನನ್ನ ಬಿಳಿ ಕೋಟಿನ ಜೇಬಿನಲ್ಲಿರುತ್ತಿತ್ತು.
ಒಂದು ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು,
ಅದು ಜೇಬಿನೊಳಗೆ ಬೆಚ್ಚಗಾದದ್ದು ತಿಳಿಯಿತು,
ಬೆರಳು ತಾನಾಗಿ ತಿಕ್ಕುತ್ತಿತ್ತು.
ಮಾರಿವಿಕ್, ಇದು ನಿನ್ನ ಬಳಿ ಇರಲಿ ಅಂದೆ.
ಅವಳು ಏಕೆ ಅನ್ನಲಿಲ್ಲ.
ಕತ್ತಿನ ಪಟ್ಟಿಗೆ ಸಿಕ್ಕಿಸಿಕೊಂಡು
ಕೆಮ್ಮಿನ ಸಿರಪ್ಪಿನ ಲೆಕ್ಕ ಮುಂದುವರಿಸಿದಳು.

ಬೆಳಗಿನ ಬಾಂಗಿನ ನಂತರ ಕಡಲ ಕಡೆ ನಡೆಯುತ್ತೇನೆ.
ಅಬು ರಾಶಿದ್ ತಂತಿಯಲ್ಲಿ ಗರ್ಗೂರ್ ಹೆಣೆಯುತ್ತಿರುತ್ತಾನೆ,
ಗುಡಾರದಂಥ ಮೀನಬಲೆ:
ಹೊಕ್ಕುವ ಬಾಯಿ ಅಗಲ, ಒಳಗೆ ಕಿರಿದು.
ಮೀನಿಗೆ ಹೊರದಾರಿ ಕಾಣದು.
ನನ್ನ ಕೈ ನಡುಗುವುದು ಅವನಿಗೆ ಕಂಡಿತೋ ಏನೋ,
ತಂತಿಯ ತುದಿ ಕೊಟ್ಟು, ಹಿಡಿ, ಜೋರಾಗಿ, ಅಂದ
ಅರ್ಧ ಅರಬಿ, ಅರ್ಧ ಹಿಂದಿ.
ಹಿಡಿದೆ. ಎಳೆದ ತಂತಿಯಲ್ಲಿ
ನನ್ನ ನಡುಕ ಅವನ ತನಕ ಹೋಗಿ
ಅಲ್ಲೇ ನಿಂತಿತು.

ಇವತ್ತು ಯಾವುದೂ ನಡೆಯುತ್ತಿಲ್ಲ.
ಐಸು ಕರಗಿತು. ಗಂಜಿ ಊದಿದ್ದಾಯಿತು.
ಹದಿನೇಳೇಳ್ಲಿಗೆ ಬಂದು ನಿಂತಿದ್ದೇನೆ,
ಮುಂದೆ ಬರಿ ಕತ್ತಲು.

ಕಷ್ಟವಾದರೆ ಎಬ್ಬಿಸು ಅಂದಿದ್ದಳು ಜೆಸಿಂತಾ,
ಸಾಲ ಕೊಡುವಷ್ಟು ನಿದ್ದೆ ಇದೆ ನನ್ನ ಹತ್ತಿರ.
ನಾಚಿಕೆಯಾಗುತ್ತದೆ. ಆದರೂ ಭುಜ ಮುಟ್ಟುತ್ತೇನೆ.
ಏನೇ ಫಿಲೋ?
ಹದಿನೇಳೇಳ್ಲಿ ಎಷ್ಟೇ?
ಕಣ್ಣು ಬಿಡದೆ, ಬಹಳ ಯೋಚಿಸಿ, ಗಂಭೀರವಾಗಿ:
ನೂರಾ ಇಪ್ಪತ್ತೊಂದು.

ಅಲ್ಲ ಮಾರಾಯ್ತಿ. ನೂರಾ ಹತ್ತೊಂಬತ್ತು!
ನಗು ಎಲ್ಲಿತ್ತೋ, ಹೊಟ್ಟೆಯಿಂದ ಬಂತು,
ಅದರ ಹಿಂದೆ ಒಂದಿಷ್ಟು ಅಳು.
ಅವಳು ಎದ್ದು ಕೂತು ದಿಂಬು ಸರಿಸಿ ಜಾಗ ಮಾಡಿದಳು,
ಸರಿ, ಮೊದಲಿನಿಂದ ಹೇಳು ಅಂದಳು.

ಬಾಲ್ದಿ ತುಂಬಿರಬೇಕು, ಸದ್ದು ಬದಲಾಗಿದೆ.
ಚೆಲ್ಲಿ ಬರುತ್ತೇನೆ, ಇರು.